ಟೈಮಿಂಗ್ ನಿಂತ ಹುಡುಗಿ ಎಲ್ಲಿಗೆ ಹೋಗಬೇಕು?

ನಮಸ್ಕಾರ. ಬೆಳಗ್ಗೆ ಏಳು ಗಂಟೆಗೆ ಬಸವನಗುಡಿಯ ಈಜುಕೊಳದ ಹೊರಗೆ ಒಮ್ಮೆ ನಿಂತು ನೋಡಿ. ಒದ್ದೆ ಕೂದಲಲ್ಲೇ ಅಪ್ಪನ ಸ್ಕೂಟರ್ ಹತ್ತುವ ಹುಡುಗಿಯರು. ಒಂದು ಕೈಯಲ್ಲಿ ಸ್ಕೂಲ್ ಬ್ಯಾಗು, ಇನ್ನೊಂದರಲ್ಲಿ ಇಡ್ಲಿ.

ನಮ್ಮಣ್ಣನ ಮಗಳೂ ಹೀಗೇ ಎಂಟು ವರ್ಷ ಓಡಾಡಿದಳು. ಒಂಬತ್ತನೇ ಕ್ಲಾಸಿನಲ್ಲಿ ಟೈಮಿಂಗ್ ನಿಂತುಹೋಯಿತು. ಎಷ್ಟು ಒದ್ದಾಡಿದರೂ ಅರ್ಧ ಸೆಕೆಂಡ್ ಇಳಿಯಲಿಲ್ಲ. ಎಸ್‌ಎಸ್‌ಎಲ್‌ಸಿ ಬಂತು, ಈಜು ಬಿಟ್ಟಳು. ಮನೆಯವರೆಲ್ಲ "ಸರಿ ಬಿಡು" ಅಂದೆವು. ನಾನೂ ಅಂದೆ. ವಾಟರ್ ಪೋಲೋ ಅಂತ ಒಂದಿದೆ, ನೋಡ್ತೀಯಾ ಅಂತ ಯಾರೂ ಕೇಳಲಿಲ್ಲ.

ನೀರಲ್ಲಿ ಈಜುತ್ತಲೇ ಚೆಂಡನ್ನು ಎದುರಾಳಿಯ ಗೋಲಿಗೆ ಎಸೆಯುವ ಆಟ ಅದು. ತಂಡಕ್ಕೆ ಏಳು ಜನ. ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್. ಗೋಲ್‌ಕೀಪರ್ ಬಿಟ್ಟು ಬೇರೆ ಯಾರೂ ಚೆಂಡನ್ನು ಎರಡು ಕೈಯಲ್ಲಿ ಮುಟ್ಟುವಂತಿಲ್ಲ, ತಳಕ್ಕೆ ಕಾಲು ಊರುವಂತಿಲ್ಲ. ಮಜ್ಜಿಗೆ ಕಡೆದ ಹಾಗೆ ಕಾಲು ಸುತ್ತುತ್ತಲೇ ಇರಬೇಕು. ತಪ್ಪು ಅಂತಿದ್ದರೂ ನೀರಿನ ಕೆಳಗೆ ಒದೆಯುವುದು, ಈಜುಡುಗೆ ಎಳೆಯುವುದು ಎಲ್ಲ ನಡೆದೇ ಇರುತ್ತದೆ. ಇಲ್ಲಿ ಅರ್ಧ ಸೆಕೆಂಡ್ ನಿಧಾನವಾದರೂ ಬುದ್ಧಿ ಇದ್ದವಳು ಗೆಲ್ಲುತ್ತಾಳೆ.

ಅಮೆರಿಕದ ಮ್ಯಾಗಿ ಸ್ಟೆಫೆನ್ಸ್ ಅವರನ್ನೇ ನೋಡಿ. 2012ರ ಲಂಡನ್ ಒಲಿಂಪಿಕ್ಸ್. ಆಗ ವಯಸ್ಸು 19. ಹಂಗೇರಿ ವಿರುದ್ಧ ಮೊದಲ ಪಂದ್ಯದಲ್ಲೇ 7 ಗೋಲು, ಕೂಟ ಮುಗಿಯುವಷ್ಟರಲ್ಲಿ 21. ಚಿನ್ನವೂ ಬಂತು. ಆಮೇಲೆ ರಿಯೋ, ಟೋಕಿಯೋ, ಅಲ್ಲೂ ಚಿನ್ನ. ಮಹಿಳೆಯರ ಒಲಿಂಪಿಕ್ಸ್ ವಾಟರ್ ಪೋಲೋದಲ್ಲಿ ಅವರಷ್ಟು ಗೋಲು ಯಾರೂ ಹೊಡೆದಿಲ್ಲ.

ಇಷ್ಟಾದ ಮೇಲೆ ಕೈತುಂಬ ದುಡ್ಡಿರಬೇಕು, ಅಲ್ವಾ? 2024ರ ಮೇನಲ್ಲಿ ಇದೇ ಮ್ಯಾಗಿ ಇನ್‌ಸ್ಟಾಗ್ರಾಮ್‌ನಲ್ಲಿ ಬರೆದುಕೊಂಡರು: ನಮ್ಮ ತಂಡದಲ್ಲಿ ಎಷ್ಟೋ ಜನ ಎರಡನೇ, ಮೂರನೇ ಕೆಲಸ ಮಾಡಿಕೊಂಡು ಆಡುತ್ತಿದ್ದಾರೆ ಅಂತ. ಅದನ್ನು ನೋಡಿ ಪ್ರಾಯೋಜಕನಾಗಿ ಮುಂದೆ ಬಂದವನು ಫ್ಲೇವರ್ ಫ್ಲಾವ್ ಅನ್ನುವ ರ‍್ಯಾಪರ್! ಆ ವರ್ಷ ಪ್ಯಾರಿಸ್‌ನಲ್ಲಿ ತಂಡ ನಾಲ್ಕನೇ ಸ್ಥಾನಕ್ಕೆ ಇಳಿಯಿತು, ಅದು ಬೇರೆ ಮಾತು.

ಹಾಗಾಗಿ "ಇದರಿಂದ ಏನು ಸಿಗುತ್ತೆ?" ಅಂತ ಅಣ್ಣ ಕೇಳಿದಾಗ ನಾನು ಸುಳ್ಳು ಹೇಳಲಿಲ್ಲ. ದುಡ್ಡು ಸಿಗಲ್ಲ. ಭಾರತದ ಗಂಡಸರ ತಂಡ 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತ್ತು, ನಮ್ಮ ಹೆಂಗಸರ ತಂಡ ಇನ್ನೂ ಒಲಿಂಪಿಕ್ಸ್ ಮುಟ್ಟಿಲ್ಲ. ಆದರೆ ಎಂಟು ವರ್ಷ ನೀರಲ್ಲೇ ಬೆಳೆದ ಹುಡುಗಿಗೆ ಹದಿನೈದಕ್ಕೇ "ಮುಗೀತು" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಅವಳು ಬಿಟ್ಟಿದ್ದು ಗಡಿಯಾರಕ್ಕೆ ಸೋತು, ನೀರು ಬೇಜಾರಾಗಿ ಅಲ್ಲ.

ಕೋಚ್‌ಗಳಲ್ಲಿ ಒಂದೇ ಕೋರಿಕೆ. ಶನಿವಾರ ಕೊನೆಯ ಅರ್ಧ ಗಂಟೆ ಲೇನ್ ಹಗ್ಗ ಬಿಚ್ಚಿ, ಒಂದು ಚೆಂಡು ಎಸೆಯಿರಿ. ಹೆಂಗಸರ ಆಟಕ್ಕೆ 25 ಮೀಟರ್ ಉದ್ದ ಸಾಕು. ಆಳ ಮಾತ್ರ ಬೇಕು. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕಡಿ ಕೊಳದಲ್ಲಿ ನಾನೂ ಅವಳೂ ಹೋದ ಭಾನುವಾರ ಆಡಿದೆವು. ನಾನು ನಿಂತೇ ಇದ್ದೆ. "ಅತ್ತೆ, ಇದು ಮೋಸ" ಅಂದಳು.