ಔಷಧನಿರೋಧಕ ಸೋಂಕು: ಕೇಸ್ ಶೀಟಿನಲ್ಲಿ ಏನು ಬರೆಯಬೇಕು, ಏಕೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಚಿಕಿತ್ಸೆ ಕೊಡುವ ವೈದ್ಯರೂ ಇದ್ದೀರಿ, ಮೆಡಿಕಲ್ ಕೋಡಿಂಗ್ ಮಾಡುವವರೂ, ಅಂದರೆ ಕೇಸ್ ಶೀಟ್ ಓದಿ ಕಾಯಿಲೆಗಳಿಗೆ ಕೋಡ್ ಹಾಕುವವರೂ ಇದ್ದೀರಿ. ಇಬ್ಬರೂ ಎಡವುವ ಜಾಗ ಒಂದೇ. ಅದು ಲ್ಯಾಬ್ ವರದಿಗೂ ಕೇಸ್ ಶೀಟಿಗೂ ನಡುವಿನ ಜಾಗ. ನಾನು ಹೇಳುವ ಕೋಡ್‌ಗಳು ಅಮೆರಿಕದಲ್ಲಿ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ಕಾಯಿಲೆಗಳ ಕೋಡ್ ಪಟ್ಟಿಯವು.

ಒಂದು ಉದಾಹರಣೆ: ಮೂತ್ರದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲೈ ಬ್ಯಾಕ್ಟೀರಿಯಾ ಬೆಳೆದಿದೆ, ಇಎಸ್‌ಬಿಎಲ್ (ಹಲವು ಪೆನಿಸಿಲಿನ್, ಸೆಫಲೋಸ್ಪೊರಿನ್ ಔಷಧಗಳನ್ನು ಒಡೆಯುವ ಕಿಣ್ವ) ಪಾಸಿಟಿವ್. ಔಷಧ ಆರಿಸುವ ಮೊದಲು ಇದು ಸೋಂಕು ಹೌದೋ ಅಲ್ಲವೋ ನೋಡಿ. ಉರಿಮೂತ್ರ, ಜ್ವರ, ಪಕ್ಕೆನೋವು ಯಾವುದೂ ಇಲ್ಲದಿದ್ದರೆ, ಗರ್ಭಿಣಿಯರು ಮತ್ತು ಮೂತ್ರನಾಳದ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರ ಹೊರತು ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಡ. ಕೋಡ್ ಆರ್82.71 (ಮೂತ್ರದಲ್ಲಿ ಬ್ಯಾಕ್ಟೀರಿಯಾ), ಅಷ್ಟೇ.

ಸೋಂಕು ಇದ್ದರೆ ದಯವಿಟ್ಟು ಬರೀ 'ಯುಟಿಐ' (ಮೂತ್ರದ ಸೋಂಕು) ಎಂದು ಬರೆದು ಕೈಬಿಡಬೇಡಿ. ಹಾಗೆ ಬರೆದರೆ ಎನ್39.0, ಅಂದರೆ ಜಾಗ ಗೊತ್ತಿಲ್ಲ ಎಂದಾಯಿತು. ಮೂತ್ರಕೋಶದ ತೀವ್ರ ಉರಿಯೂತವಾದರೆ, ರಕ್ತ ಹೋಗದಿದ್ದಾಗ, ಎನ್30.00. ಮೂತ್ರಪಿಂಡದ ತೀವ್ರ ಸೋಂಕಾದರೆ ಎನ್10. ಚಿಕಿತ್ಸೆಯೂ ಇಲ್ಲೇ ಕವಲೊಡೆಯುತ್ತದೆ. ಮೂತ್ರಕೋಶಕ್ಕಷ್ಟೇ ಸೀಮಿತವಾದಾಗ ನೈಟ್ರೋಫ್ಯುರಾಂಟಾಯಿನ್ 100 ಮಿ.ಗ್ರಾಂ ದಿನಕ್ಕೆ ಎರಡು ಬಾರಿ, 5 ದಿನ ಸಾಕಾಗಬಹುದು. ಅದೇ ಮಾತ್ರೆಯನ್ನು ಮೂತ್ರಪಿಂಡದ ಸೋಂಕಿಗೆ ಕೊಟ್ಟರೆ ಸೋಲುತ್ತದೆ. ಔಷಧ ಮೂತ್ರದಲ್ಲಿ ಶೇಖರವಾಗುತ್ತದೆಯೇ ಹೊರತು ಅಂಗಾಂಶದಲ್ಲೂ ರಕ್ತದಲ್ಲೂ ಸಾಕಷ್ಟು ಮಟ್ಟಕ್ಕೆ ಏರುವುದಿಲ್ಲ.

ಕೋಡಿಂಗ್‌ನಲ್ಲಿ ಸೋಂಕು ಮೊದಲು, ಆಮೇಲೆ ಇ. ಕೋಲೈಗೆ ಬಿ96.20, ಕೊನೆಗೆ ಇಎಸ್‌ಬಿಎಲ್‌ಗೆ ಝಡ್16.12. ಝಡ್16 ಮುಖ್ಯ ಕಾಯಿಲೆಯ ಸ್ಥಾನಕ್ಕೆ ಬರುವಂತಿಲ್ಲ. ಲ್ಯಾಬ್ ವರದಿಯಲ್ಲಿ 'ಆರ್' (ಔಷಧಕ್ಕೆ ಬಗ್ಗದು) ಕಂಡಿತೆಂದು ಕೋಡರ್ ತಾನಾಗಿ ಅದನ್ನು ಸೇರಿಸುವಂತೆಯೂ ಇಲ್ಲ. 'ಇಎಸ್‌ಬಿಎಲ್ ಇ. ಕೋಲೈನಿಂದ ಆದ ಮೂತ್ರಪಿಂಡದ ಸೋಂಕು' ಎಂದು ವೈದ್ಯರು ಬರೆದಿರಬೇಕು. ಬರೆದಿಲ್ಲವಾದರೆ ಅವರಿಗೆ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿ, ಆದರೆ ಉತ್ತರವನ್ನು ಬಾಯಿಗಿಟ್ಟು ಕೇಳಬೇಡಿ.

ರಕ್ತಕ್ಕೆ ಹರಡಿದಾಗ ತಪ್ಪಿಗೆ ಬೆಲೆ ದೊಡ್ಡದು. ಆಂಟಿಬಯಾಟಿಕ್ ಕೊಡುವ ಮೊದಲೇ ಬೇರೆ ಬೇರೆ ಜಾಗದಿಂದ ಎರಡು ಸೆಟ್ ಬ್ಲಡ್ ಕಲ್ಚರ್ ತೆಗೆಯಿರಿ, ವಯಸ್ಕರಲ್ಲಿ ಪ್ರತಿ ಬಾಟಲಿಗೆ 8–10 ಮಿ.ಲೀ. ರಕ್ತ ಕಡಿಮೆಯಾದರೆ ಕಲ್ಚರ್ ಸುಳ್ಳೇ ನೆಗೆಟಿವ್ ಆಗುತ್ತದೆ. ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಕುಸಿದ ಸ್ಥಿತಿ) ಇದ್ದರೆ ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಬೇಕು. ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ. ಕೋಲೈ, ಕ್ಲೆಬ್ಸಿಯೆಲ್ಲಾ ರಕ್ತಸೋಂಕಿನಲ್ಲಿ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ ವರದಿ 'ಎಸ್' (ಔಷಧಕ್ಕೆ ಬಗ್ಗುತ್ತದೆ) ಎಂದಿದ್ದರೂ ನಂಬಬೇಡಿ. 2018ರ ಮೆರಿನೊ ಅಧ್ಯಯನದಲ್ಲಿ 30 ದಿನಗಳ ಸಾವಿನ ಪ್ರಮಾಣ ಅದರಲ್ಲಿ ಶೇ. 12.3, ಮೆರೊಪೆನೆಮ್‌ನಲ್ಲಿ ಶೇ. 3.7.

ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ) ಲೆಕ್ಕ ಬೇರೆ. ಅದರ ನ್ಯುಮೋನಿಯಾಕ್ಕೆ ಜೆ15.212 ಒಂದೇ ಸಾಕು. ನಿರೋಧಕತೆ ಆ ಕೋಡಿನೊಳಗೇ ಇರುವುದರಿಂದ ಝಡ್16.11 (ಪೆನಿಸಿಲಿನ್ ನಿರೋಧಕತೆ) ಸೇರಿಸಿದರೆ ತಪ್ಪು. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳಿಗೆ ಅಪಾಯವಾಗುವ ಸ್ಥಿತಿ) ಎಂದು ದಾಖಲಾಗಿದ್ದರೆ ಎ41.02. ಬರೀ ಬ್ಯಾಕ್ಟೀರಿಮಿಯಾ (ರಕ್ತದಲ್ಲಿ ಬ್ಯಾಕ್ಟೀರಿಯಾ) ಎಂದಿದ್ದರೆ ಆರ್78.81, ಜೊತೆಗೆ ಬಿ95.62. ಮೂಗಿನ ಸ್ವಾಬ್‌ನಲ್ಲಿ ಮಾತ್ರ ಸಿಕ್ಕಿದ್ದರೆ ಆತ ವಾಹಕ, ಝಡ್22.322. ಡ್ಯಾಪ್ಟೊಮೈಸಿನ್ ರಕ್ತಸೋಂಕಿಗೆ ಒಳ್ಳೆಯದು, ನ್ಯುಮೋನಿಯಾಕ್ಕೆ ಕೊಡಬಾರದು: ಶ್ವಾಸಕೋಶದ ಸರ್ಫ್ಯಾಕ್ಟಂಟ್ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ವ್ಯಾಂಕೊಮೈಸಿನ್ ಕೊಡುವುದಾದರೆ ಎಯುಸಿ (ದಿನವಿಡೀ ರಕ್ತದಲ್ಲಿರುವ ಔಷಧದ ಒಟ್ಟು ಅಳತೆ) 400–600ರ ನಡುವೆ ಇರಲಿ. ಮೀರಿದರೆ ಮೂತ್ರಪಿಂಡಕ್ಕೆ ಪೆಟ್ಟು.

ಕಾರ್ಬಾಪೆನೆಮ್ (ಮೆರೊಪೆನೆಮ್‌ನಂಥ ಔಷಧಗಳು) ನಿರೋಧಕತೆಗೆ 2023ರ ಅಕ್ಟೋಬರ್‌ನಿಂದ ಝಡ್16.13 ಬಂದಿದೆ. ಕೋಡ್ ಒಂದೇ ಆದರೂ ಚಿಕಿತ್ಸೆಗೆ ಔಷಧವನ್ನು ಒಡೆಯುವ ಕಿಣ್ವದ ಹೆಸರು ಬೇಕೇ ಬೇಕು. ಕೆಪಿಸಿ ಆದರೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಕೆಲಸ ಮಾಡುತ್ತದೆ. ಎನ್‌ಡಿಎಂ ಅನ್ನು ಅವಿಬ್ಯಾಕ್ಟಮ್ ತಡೆಯಲಾರದು. ಆಗ ಜೊತೆಗೆ ಅಜ್ಟ್ರಿಯೊನಾಮ್ ಕೊಡಬೇಕು. ಆದ್ದರಿಂದ ಕಿಣ್ವದ ಪರೀಕ್ಷೆಯ ಫಲಿತಾಂಶವನ್ನು ಡಿಸ್ಚಾರ್ಜ್ ಸಾರಾಂಶದಲ್ಲೂ ಬರೆಯಿರಿ, ಮುಂದಿನ ಆಸ್ಪತ್ರೆಗೆ ಮೊದಲ ದಿನವೇ ಅದು ಬೇಕಾಗುತ್ತದೆ.

ಆಸ್ಪತ್ರೆಗೆ ದಾಖಲಾಗುವಾಗಲೇ ಸೋಂಕು ಇತ್ತೇ ಎಂಬ ಕಾಲಂನಲ್ಲಿ ವರದಿ ಬಂದ ದಿನಾಂಕ ನೋಡಿ 'ಇಲ್ಲ' ಎಂದು ತುಂಬುವವರಿದ್ದಾರೆ. ಮೂರನೇ ದಿನ ವರದಿ ಬಂದರೂ, ಲಕ್ಷಣಗಳು ಬರುವಾಗಲೇ ಇದ್ದವು ಎಂದು ವೈದ್ಯರು ದಾಖಲಿಸಿದ್ದರೆ ಉತ್ತರ 'ಹೌದು'.