ಅಪ್ಪನ ಬೋಳು ಬಾಯಿ, ಮಗನ ವಸಡು, ರಕ್ತದ ರಿಪೋರ್ಟು

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳ್ತಿದ್ಯಾ? ಸರಿ. ನಮ್ಮ ಮಂಡ್ಯ ಕಡೆ ಹಲ್ಲಿನ ಡಾಕ್ಟರಿಗೆ ಒಂದು ಕಷ್ಟ ಇದೆ ನೋಡಿ, ಮುದ್ದೆ ಅಗಿಯಂಗಿಲ್ಲ, ನುಂಗ್ಬೇಕು, ಹಂಗಾಗಿ ನಾಕು ಹಲ್ಲು ಅಲ್ಲಾಡ್ತಿದ್ರೂ ಊಟಕ್ಕೇನೂ ತೊಂದ್ರೆ ಇಲ್ಲ, ಬಾಡೂಟದ ದಿನ ಮೂಳೆ ಕಡಿಯೋಕೆ ಹೋದಾಗ್ಲೇ ಗೊತ್ತಾಗೋದು. ಹಬ್ಬ ಮುಗಿದ ವಾರ ನಮ್ಮ ಕ್ಲಿನಿಕ್ಕು ಫುಲ್ಲು.

ಹಂಗೆ ಬಂದೋರು ಒಬ್ರು, ಕಬ್ಬಿನ ಗದ್ದೆ ಇರೋರು, ನಲವತ್ತೆರಡು ವಯಸ್ಸು, ಜೊತೆಗೆ ಅವರಣ್ಣ. ಕುರ್ಚಿಲಿ ಕೂತ್ಕೊಳ್ಳೋಕೂ ಮುಂಚೆ "ನಮ್ ವಂಶನೇ ಹಿಂಗೆ ಸಾ, ನಮ್ಮಪ್ಪಂಗೂ ಐವತ್ತು ಆಗೋಷ್ಟ್ರಲ್ಲಿ ಬಾಯಿ ಬೋಳಾಗಿತ್ತು" ಅಂದ್ರು. ಇದು ನಿಜಾನೋ ನೆಪಾನೋ?

ನಿಜ ಇದೆ ಸ್ವಲ್ಪ. ಶ್ರೀಲಂಕಾದ ಟೀ ತೋಟಗಳಲ್ಲಿ 480 ಜನ ಗಂಡಾಳುಗಳನ್ನ 1970ರಿಂದ 1985ರವರೆಗೂ ನೋಡ್ಕೊಂಡು ಬಂದಿದ್ರು, ಅವ್ರಿಗೆ ಬ್ರಶ್ಶು ಪೇಸ್ಟು ಅಭ್ಯಾಸನೇ ಇರ್ಲಿಲ್ಲ, ಎಲ್ಲರ ಹಲ್ಲಿಗೂ ಪಾಚಿ ಕಟ್ಟಿತ್ತು. ಆದ್ರೂ ಶೇಕಡ 8 ಜನಕ್ಕೆ ವಸಡಿನ ಕಾಯಿಲೆ ಜೋರಾಗಿ ಬೆಳೀತು, ಶೇಕಡ 81 ಜನಕ್ಕೆ ನಿಧಾನಕ್ಕೆ ಬೆಳೀತು, ಶೇಕಡ 11 ಜನಕ್ಕೆ ವಸಡು ಕೆಂಪಾಗಿದ್ದು ಬಿಟ್ರೆ ಮುಂದಕ್ಕೆ ಹೋಗ್ಲೇ ಇಲ್ಲ! ಪಾಚಿ ಒಂದೇ, ಬಾಯಿ ಬೇರೆ. ಆಮೇಲೆ 2000ದಲ್ಲಿ ಅಮೆರಿಕದಲ್ಲಿ 117 ಜೋಡಿ ಅವಳಿಗಳನ್ನ ನೋಡಿ, ಒಬ್ರಿಗೂ ಇನ್ನೊಬ್ರಿಗೂ ಇರೋ ವ್ಯತ್ಯಾಸದಲ್ಲಿ ಹೆಚ್ಚುಕಮ್ಮಿ ಅರ್ಧ ವಂಶದಿಂದ ಬರೋದು ಅಂದ್ರು. ಅರ್ಧ ಅಂದ್ರೆ ನಿಮ್ಮ ಬಾಯಲ್ಲಿ ಹದಿನಾರು ಹಲ್ಲು ಅಪ್ಪಂದು ಅಂತಲ್ಲ ಮತ್ತೆ.

ಏನಾಗುತ್ತೆ ಅಂದ್ರೆ, ವಸಡಿನ ಸಂದಿಲಿ ಕ್ರಿಮಿ ಕೂತಾಗ ನಮ್ಮ ಮೈಯೇ ಇಂಟರ್‌ಲ್ಯೂಕಿನ್-1 ಅಂತ ಒಂದು ಪದಾರ್ಥ ಬಿಡುತ್ತೆ, ಕ್ರಿಮಿ ಓಡ್ಸೋಕೆ. ಅದು ಜಾಸ್ತಿ ಆದ್ರೆ ಹಲ್ಲು ಹಿಡ್ಕೊಂಡಿರೋ ಮೂಳೆನೇ ಕರಗುತ್ತೆ. ಕೆಲವ್ರ ಜೀನು ಇದನ್ನ ಜಾಸ್ತಿ ಬಿಡೋ ತರ ಇರುತ್ತೆ ಅಂತ 1997ರಲ್ಲಿ ಒಂದು ಸ್ಟಡಿ ಬಂತು, ಮಜಾ ಏನಂದ್ರೆ ಆ ಸಂಬಂಧ ಕಂಡಿದ್ದು ಸಿಗರೇಟ್ ಸೇದದೇ ಇರೋರಲ್ಲಿ, ಸೇದೋರಲ್ಲಿ ಹೊಗೆನೇ ಎಲ್ಲಾ ಮುಚ್ಚಾಕ್ಬಿಟ್ಟಿತ್ತು. ಒಂದೇ ಜೀನ್ ಕೆಟ್ಟು ಹಲ್ಲು ಹೋಗೋದೂ ಇದೆ, ಪ್ಯಾಪಿಲನ್-ಲೆಫೆವ್ರ್ ಅಂತಾರೆ, ಅಂಗೈ ಅಂಗಾಲು ದಪ್ಪಗಾಗಿ ನಾಕೈದು ವರ್ಷದ ಮಗುಗೇ ಹಾಲುಹಲ್ಲು ಉದುರಿಹೋಗುತ್ತೆ. ಅದು ಬಹಳ ಅಪರೂಪ, ನಿಮ್ದು ಅದಲ್ಲ, ಹೆದರ್ಬೇಡಿ.

ಇನ್ನು ರಕ್ತ. "ಬ್ಲಡ್ ಟೆಸ್ಟ್ ಬರ್ಕೊಡಿ ಸಾರ್, ವಸಡು ಹೆಂಗಿದೆ ಗೊತ್ತಾಗ್ಲಿ" ಅಂತ ಬರ್ತಾರೆ. ಸಿಆರ್‌ಪಿ ಅಂತ ಒಂದು ಪ್ರೋಟೀನಿದೆ, ಲಿವರ್ ರಕ್ತಕ್ಕೆ ಬಿಡೋದು, ವಸಡು ಕೆಟ್ಟೋರಲ್ಲಿ ಏರಿರುತ್ತೆ, ನಿಜ, ಆದ್ರೆ ಜ್ವರ ಬಂದ್ರೂ ಏರುತ್ತೆ, ಬೊಜ್ಜಿದ್ರೂ ಏರುತ್ತೆ. ಅದನ್ನ ನೋಡಿ ಹಲ್ಲಿನ ವಿಷ್ಯ ಹೇಳೋಕಾಗಲ್ಲ. ನಾನು ನಿಜವಾಗ್ಲೂ ಕೇಳೋ ರಿಪೋರ್ಟು ಎಚ್‌ಬಿಎ1ಸಿ, ಮೂರು ತಿಂಗಳ ಸಕ್ಕರೆ ಲೆಕ್ಕ. ಶುಗರ್ ಇರೋರಿಗೆ ಅದು 7 ದಾಟಿದ್ರೆ ವಸಡಿನ ಕಾಯಿಲೆ ಜೋರಾಗಿ ಓಡೋ ಗುಂಪಿಗೆ ಹಾಕ್ತೀವಿ. ಇದು ಎರಡೂ ಕಡೆ ಕೊಯ್ಯೋ ಗರಗಸ, ಸಕ್ಕರೆ ಏರಿದ್ರೆ ವಸಡು ಕೆಡುತ್ತೆ, ವಸಡು ಕೆಟ್ರೆ ಸಕ್ಕರೆ ಹಿಡಿತಕ್ಕೆ ಸಿಗಲ್ಲ. ವಸಡೊಳಗೆ ಸರಿಯಾಗಿ ಕ್ಲೀನ್ ಮಾಡಿದ್ರೆ ಮೂರ್ನಾಕು ತಿಂಗಳಲ್ಲಿ ಆ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತೆ.

ಆ ತಮ್ಮನ ಬಾಯಿಗೆ ಪ್ರೋಬ್ ಹಾಕ್ದೆ. ಸಣ್ಣ ಕಡ್ಡಿ, ಮೇಲೆ ಮಿಲಿಮೀಟರ್ ಗೆರೆ, ಮೂರರವರೆಗೂ ಇಳಿದ್ರೆ ಸರಿ. ಕೆಳಗಿನ ಮುಂದಿನ ಹಲ್ಲಿನ ಪಕ್ಕ ಏಳು ಇಳೀತು. ಒಂದು ಹನಿ ರಕ್ತ ಬರ್ಲಿಲ್ಲ! "ನೋಡಿ ಸಾ, ರಕ್ತನೇ ಇಲ್ಲ, ಚೆನ್ನಾಗೇ ಐತೆ" ಅಂದ್ರು. ಜೇಬಲ್ಲಿ ಬೀಡಿ ಕಟ್ಟಿತ್ತು. ಹೊಗೆ ವಸಡಿನ ರಕ್ತನಾಳ ಬಿಗಿ ಮಾಡುತ್ತೆ, ರಕ್ತ ಬರೋದು ನಿಲ್ಲುತ್ತೆ, ಕಾಯಿಲೆ ನಿಲ್ಲಲ್ಲ. ಎಚ್‌ಬಿಎ1ಸಿ 9.2. ಅಣ್ಣಂದೂ ನೋಡ್ದೆ, ಅದೇ ಅಪ್ಪ, ಬೀಡಿ ಇಲ್ಲ, ಶುಗರ್ ಇಲ್ಲ, ಒಂದೆರಡು ಕಡೆ ನಾಕು, ಅಷ್ಟೇ.

ತಮ್ಮ ಆಮೇಲೆ ಮೆತ್ತಗೆ ಕೇಳಿದ್ರು, "ನನ್ ಮಗಂಗೆ ಅದೇನೋ ಜೀನ್ ಟೆಸ್ಟ್ ಮಾಡ್ಸನಾ?" ಬೇಡ ಅಂದೆ, ಆ ದುಡ್ಡಿಗೆ ಹತ್ತು ಸಲ ಕ್ಲೀನ್ ಮಾಡ್ಸಬೋದು, ಹುಡುಗನ್ನ ಕರ್ಕೊಂಡು ಬನ್ನಿ ಸಾಕು.

ನಿಮ್ಗೂ ಅದೇ. ಹತ್ತು ಪ್ರೋಬ್ ಸ್ಟೆರಿಲೈಸ್ ಮಾಡಿ ತಂದಿದೀನಿ, ಟೀ ಬರೋ ಅಷ್ಟ್ರಲ್ಲಿ ಹತ್ತು ಜನದ್ದು ನೋಡ್ತೀನಿ, ಅಪ್ಪ ಅಮ್ಮಂಗೆ ಬೇಗ ಹಲ್ಲು ಹೋಗಿರೋರು ಮೊದ್ಲು ಬನ್ನಿ. ಎಲೆಅಡಿಕೆ ಹಾಕಿರೋರು ಆಚೆ ಉಗಿದು ಬಾಯಿ ಮುಕ್ಕಳಿಸ್ಕೊಂಡು ಬನ್ನಿ, ನನ್ನ ಕೋಟು ಬಿಳೀದು.