ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ

ಅಧ್ಯಕ್ಷರೆ, ಸ್ನೇಹಿತರೆ,

ಆಗಸ್ಟ್ ಹದಿನೈದು ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದು ಸಂದೇಶ ಬಂದೇ ಬರುತ್ತದೆ. ‘1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಇತ್ತು, ಈಗ ನೋಡಿ!’ ಕೆಳಗೊಂದು ಅಳುವ ಮುಖ. ಕಳಿಸುವವರು ನಮ್ಮ ಭಾವ. ಹೋದ ವರ್ಷ ಕಾಗದದ ಮೇಲೆ ಲೆಕ್ಕ ಬಿಡಿಸಿ, ಫೋಟೊ ತೆಗೆದು ಕಳಿಸಿದೆ. ಕೈಮುಗಿದ ಚಿತ್ರ ಬಂತು. ಈ ವರ್ಷ ಮತ್ತೆ ಅದೇ ಸಂದೇಶ. ಈ ಉಪನ್ಯಾಸಕ್ಕೆ ಒಪ್ಪಿದ್ದಕ್ಕೆ ಅರ್ಧ ಕಾರಣ ಅವರೇ. ಮೂರನೇ ಸಾಲಿನಲ್ಲಿ ಕೂತಿದ್ದಾರೆ, ದಯವಿಟ್ಟು ತಿರುಗಿ ನೋಡಬೇಡಿ.

ಆಗ ರೂಪಾಯಿಯಿಂದ ಡಾಲರ್‌ಗೆ ದಾರಿ ಲಂಡನ್ ಮೇಲೆಯೇ ಹೋಗುತ್ತಿತ್ತು. 1927ರ ಕಾನೂನು ರೂಪಾಯಿಯನ್ನು ಒಂದು ಶಿಲಿಂಗ್ ಆರು ಪೆನ್ಸ್‌ಗೆ, ಅಂದರೆ 18 ಪೆನ್ಸ್‌ಗೆ ಕಟ್ಟಿಹಾಕಿತ್ತು. ಪೌಂಡಿಗೆ 240 ಪೆನ್ಸ್. 240ನ್ನು 18ರಿಂದ ಭಾಗಿಸಿದರೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. (ರೂಪಾಯಿಗೆ 16 ಆಣೆ, ಆಣೆಗೆ 12 ಪೈ.) ಆ ಪೌಂಡಿಗೆ 1947ರಲ್ಲಿ 4 ಡಾಲರ್ 3 ಸೆಂಟ್. ಅಲ್ಲಿಗೆ ಒಂದು ಡಾಲರ್‌ಗೆ 3 ರೂಪಾಯಿ 31 ಪೈಸೆ ಆಯಿತು. ಪೈಸೆ ಅಂದೆ, ತಪ್ಪು. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ. ಆಗಿನ ಲೆಕ್ಕದಲ್ಲಿ ಮೂರು ರೂಪಾಯಿ ಐದಾಣೆ ಅನ್ನಿ. ಇನ್ನೊಂದು ಸಂದೇಶವೂ ಓಡಾಡುತ್ತಿದೆ: 1917ರಲ್ಲಿ ಒಂದು ರೂಪಾಯಿಗೆ 13 ಡಾಲರ್ ಇತ್ತಂತೆ! ಯಾರೋ ಪುಣ್ಯಾತ್ಮರು ಪೌಂಡಿನ ಹದಿಮೂರನ್ನೇ ತಲೆಕೆಳಗು ಮಾಡಿ ಡಾಲರ್‌ಗೆ ಅಂಟಿಸಿದ್ದಾರೆ ಅಂತ ನನ್ನ ಗುಮಾನಿ.

ಸುಳ್ಳಿಗಿಂತ ನನಗೆ ಬೇಸರ ಆ ಅಳುವ ಮುಖದ ಬಗ್ಗೆ. ರೂಪಾಯಿ ದುಬಾರಿ ಇದ್ದರೆ ದೇಶಕ್ಕೆ ಗೌರವ, ಅಗ್ಗವಾದರೆ ಅವಮಾನ ಅನ್ನುವ ನಂಬಿಕೆ ಇದೆಯಲ್ಲ, ಅದು. ದರ ಅಂದರೆ ಬೆಲೆ, ಸ್ವಾಮಿ, ಅಂಕಪಟ್ಟಿ ಅಲ್ಲ. ಬೆಲೆ ಅಂದಮೇಲೆ ಮಾರುವವನಿಗೊಂದು, ಕೊಳ್ಳುವವನಿಗೊಂದು. 18 ಪೆನ್ಸ್ ದರವನ್ನು ವಿರೋಧಿಸಿದವರು ಯಾರು? ಆ ದರವನ್ನು ಶಿಫಾರಸು ಮಾಡಿದ ಹಿಲ್ಟನ್ ಯಂಗ್ ಆಯೋಗದೊಳಗೇ ಕೂತು ಭಿನ್ನಮತ ಬರೆದ ಮುಂಬೈಯ ಹತ್ತಿ ವ್ಯಾಪಾರಿ ಪುರುಷೋತ್ತಮದಾಸ್ ಠಾಕೂರ್‌ದಾಸ್. 1930ರ ಜನವರಿಯಲ್ಲಿ ವೈಸ್‌ರಾಯ್ ಮುಂದೆ ಗಾಂಧೀಜಿ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಉಪ್ಪಿನ ತೆರಿಗೆ ಎಲ್ಲರಿಗೂ ನೆನಪಿದೆ. ಅದೇ ಪಟ್ಟಿಯಲ್ಲಿ ರೂಪಾಯಿಯನ್ನು 16 ಪೆನ್ಸ್‌ಗೆ ಇಳಿಸಿ ಅಂತಲೂ ಇದೆ. ಇಳಿಸಿ! ಕಾರಣ ಸರಳ. ಇಲ್ಲಿನ ಹತ್ತಿ ಲಂಡನ್ನಿನಲ್ಲಿ ಒಂದು ಪೌಂಡಿಗೆ ಹೋದರೆ, 16 ಪೆನ್ಸ್ ದರದಲ್ಲಿ ಇಲ್ಲಿಗೆ ಬರುವುದು ಹದಿನೈದು ರೂಪಾಯಿ. 18 ಪೆನ್ಸ್ ದರದಲ್ಲಿ ಅದೇ ಹದಿಮೂರು ರೂಪಾಯಿ ಐದಾಣೆ ನಾಲ್ಕು ಪೈ. ಉಳಿದ ಒಂದು ರೂಪಾಯಿ ಹತ್ತಾಣೆ ಎಂಟು ಪೈ ನಮ್ಮ ‘ಗೌರವ’ಕ್ಕೆ ತೆತ್ತ ಖರ್ಚು.

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು 2 ಡಾಲರ್ 80 ಸೆಂಟ್‌ಗೆ ಇಳಿಸಿತು. ನಾವೂ ಜೊತೆಗೇ ಇಳಿದೆವು, ಡಾಲರ್ ಈಗಿನ ಲೆಕ್ಕದಲ್ಲಿ 4 ರೂಪಾಯಿ 76 ಪೈಸೆ ಆಯಿತು. ಪಾಕಿಸ್ತಾನ ಇಳಿಯಲಿಲ್ಲ. ಅವರ ನೂರು ರೂಪಾಯಿಗೆ ನಮ್ಮ 144 ಕೊಡಬೇಕು ಅಂದಾಗ ದೆಹಲಿ ಒಪ್ಪಲಿಲ್ಲ. ಪೂರ್ವ ಬಂಗಾಳದ ಸೆಣಬು ಆ ಕಡೆ, ಕಲ್ಕತ್ತದ ಸೆಣಬಿನ ಗಿರಣಿಗಳು ಈ ಕಡೆ. ವ್ಯಾಪಾರವೇ ನಿಂತುಹೋಯಿತು. 1951ರ ಫೆಬ್ರುವರಿಯಲ್ಲಿ ಕೊನೆಗೆ ಒಪ್ಪಿಕೊಂಡೆವು.

1966ರ ಜೂನ್ 6 ನಿಮಗೆಲ್ಲ ಗೊತ್ತಿರುವುದೇ, ಸರ್ಕಾರವೇ ರೂಪಾಯಿಯ ಬೆಲೆ ಇಳಿಸಿದ, ಅಂದರೆ ಅಪಮೌಲ್ಯ ಮಾಡಿದ ದಿನ. ಬರ, ಹಿಂದಿನ ವರ್ಷದ ಯುದ್ಧ, ಗೋಧಿಗೆ ಅಮೆರಿಕದ ಕಡೆ ಮುಖ. ಡಾಲರ್ 4.76ರಿಂದ 7.50ಕ್ಕೆ. ಅಪಮೌಲ್ಯ ಶೇ. 36.5 ಅಂತ ಒಬ್ಬರು, ಶೇ. 57.5 ಅಂತ ಇನ್ನೊಬ್ಬರು. ಇಬ್ಬರೂ ಸರಿ: ಮೊದಲನೆಯದು ರೂಪಾಯಿ ಕಳೆದುಕೊಂಡದ್ದು, ಎರಡನೆಯದು ಡಾಲರ್ ದುಬಾರಿಯಾದದ್ದು. ಯಾವ ಕಡೆ ನಿಂತು ನೋಡುತ್ತೀರಿ ಅನ್ನುವುದರ ಮೇಲಿದೆ.

ಈಗ 1991. ನಾನು ಆಗ ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿದ್ದೆ. ಆಗಿನ ದರ ಇವತ್ತಿನ ಹಾಗೆ ಡಾಲರ್‌ಗೆ ಇಷ್ಟು ರೂಪಾಯಿ ಅಂತ ಅಲ್ಲ, ನೂರು ರೂಪಾಯಿಗೆ ಇಷ್ಟು ಡಾಲರ್ ಅಂತ. 1993ರವರೆಗೂ ಹಾಗೇ ಇತ್ತು. ಜೂನ್ 29, ಶನಿವಾರ. ಮಗನನ್ನು ಓದಲು ಅಮೆರಿಕಕ್ಕೆ ಕಳಿಸುತ್ತಿದ್ದ ಒಬ್ಬ ಮೇಷ್ಟ್ರು ಎರಡು ಸಾವಿರ ಡಾಲರ್ ಡ್ರಾಫ್ಟಿಗೆ ಬಂದರು. ಟವೆಲ್ಲಿನಲ್ಲಿ ಸುತ್ತಿದ ದುಡ್ಡು, ನಲವತ್ತೆರಡು ಸಾವಿರ ಚಿಲ್ಲರೆ, ಸರಿಯಾಗಿ ಎಣಿಸಿ ತಂದಿದ್ದರು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟಿತ್ತು, ಅದು ಮಗನದು. ‘ಸೋಮವಾರ ಬನ್ನಿ’ ಅಂದೆ. ಹೇಳಿದವನು ನಾನೇ.

ಸೋಮವಾರ ಜುಲೈ 1. ಬೆಳಿಗ್ಗೆ ದರ ತಿಳಿಸುವ ಟೆಲೆಕ್ಸ್ ಯಂತ್ರದ ಕಾಗದ ಹರಿದು ನೋಡಿದರೆ ದರ ಶೇ. 9ರ ಹತ್ತಿರ ಬಿದ್ದಿದೆ. ಮೇಷ್ಟ್ರಿಗೆ ಈಗ ನಲವತ್ತಾರು ಸಾವಿರ ಬೇಕು. ಸಾಲ ಕೇಳಲು ಓಡಿದರು. ಬುಧವಾರ ದುಡ್ಡು ಹೊಂದಿಸಿಕೊಂಡು ಬಂದರು, ಅಷ್ಟರಲ್ಲಿ ಎರಡನೇ ಪೆಟ್ಟು ಬಿದ್ದಿತ್ತು, ಐವತ್ತೆರಡು ಸಾವಿರದ ಹತ್ತಿರ! ಅವರು ಬೈಯಲಿಲ್ಲ. ಟವೆಲ್ ಮಡಿಚುತ್ತಾ, ‘ಸ್ವಾಮಿ, ಒಂದು ಸಹಿಗೆ ಹತ್ತು ಸಾವಿರವೇ?’ ಅಂದರು.

ಆಮೇಲೆ ತಿಳಿದದ್ದು: ಆ ಎರಡು ಹೆಜ್ಜೆಯ ಅಪಮೌಲ್ಯಕ್ಕೆ ‘ಹಾಪ್, ಸ್ಕಿಪ್ ಅಂಡ್ ಜಂಪ್’ ಅಂತ ಗುಪ್ತನಾಮ. ಬುಧವಾರ ಬೆಳಿಗ್ಗೆ ಹಣಕಾಸು ಸಚಿವ ಮನಮೋಹನ್ ಸಿಂಗ್, ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರಿಗೆ ಫೋನ್ ಮಾಡಿ ಎರಡನೇ ಹೆಜ್ಜೆ ತಡೆಯಿರಿ ಅಂದರಂತೆ. ಅಷ್ಟು ಹೊತ್ತಿಗೆ ಜಿಗಿದಾಗಿತ್ತು. ಆ ಫೋನು ಒಂದು ಗಂಟೆ ಮೊದಲು ಹೋಗಿದ್ದರೆ ನಮ್ಮ ಮೇಷ್ಟ್ರಿಗೆ ಆರು ಸಾವಿರ ಉಳಿಯುತ್ತಿತ್ತು. ಅದೇ ವಾರ ಉಡುಪು ರಫ್ತು ಮಾಡುವವರೊಬ್ಬರು ನಮ್ಮ ಕೌಂಟರಿಗೆ ಸಿಹಿ ಹಂಚಿದರು. ಒಂದೇ ಟೆಲೆಕ್ಸ್, ಒಂದೇ ಕೌಂಟರು. ಬೆಲೆ ಅಂತ ನಾನು ಬಡಿದುಕೊಳ್ಳುವುದು ಅದಕ್ಕೇ.

ಅಧ್ಯಕ್ಷರಿಂದ ಚೀಟಿ ಬಂತು, ಐದು ನಿಮಿಷ ಅಂತೆ. ಐದು ನಿಮಿಷದ ಹಿಂದೆಯೂ ಅಷ್ಟೇ ಇತ್ತು.

ಸರಿ, ಓಡುತ್ತೇನೆ. 1967ರಲ್ಲಿ ಪೌಂಡು ಮತ್ತೆ ಇಳಿದಾಗ ನಾವು ಇಳಿಯಲಿಲ್ಲ. 1975ರಲ್ಲಿ ಪೌಂಡಿನ ಗಂಟು ಬಿಚ್ಚಿ ಹಲವು ಕರೆನ್ಸಿಗಳ ಬುಟ್ಟಿಗೆ ಕಟ್ಟಿದರು. 1993ರ ಮಾರ್ಚ್‌ನಲ್ಲಿ ದರವನ್ನು ಮಾರುಕಟ್ಟೆಗೆ ಬಿಟ್ಟರು, ಡಾಲರ್ 31 ರೂಪಾಯಿ ಚಿಲ್ಲರೆ. ಜಪಾನಿನದು ಹೇಳಬೇಕೆಂದಿದ್ದೆ: 1949ರಿಂದ 1971ರವರೆಗೆ ಡಾಲರ್‌ಗೆ 360 ಯೆನ್, ಆ ದರದಲ್ಲೇ ಅವರು ಅಮೆರಿಕಕ್ಕೆ ಕಾರು, ರೇಡಿಯೊ ಮಾರಿದ್ದು. ಅಲ್ಲಿ ಯಾರೂ ಅಳುವ ಮುಖ ಹಾಕಲಿಲ್ಲ.

ಪೌಂಡಿನ ಲೆಕ್ಕ ಬರೆದ ಚೀಟಿ ನಲವತ್ತು ಜೆರಾಕ್ಸ್ ಮಾಡಿಸಿದ್ದೇನೆ, ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಭಾವ, ನೀವು ಎರಡು ತೆಗೆದುಕೊಳ್ಳಿ.